ಗೋಡೆ ಒಡೆದು ಬಂದವರು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ರಾತ್ರಿಯಿಂದ ನನ್ನ ಎಡಗಿವಿ ಕೇಳಿಸುವುದಿಲ್ಲ. ನನ್ನ ಪಾಲಿಗೆ ಅಷ್ಟೇ ಸಾಕ್ಷಿ.

ನಾನು ಹೈಸ್ಕೂಲ್ ಮೇಷ್ಟ್ರು. ಬಸವೇಶ್ವರನಗರದ ಮಾವನ ಮನೆಯಲ್ಲೇ ನಾನು, ನನ್ನ ಹೆಂಡತಿ ಸುಮಾ ವಾಸ. ಮಾವ ಕಾಲ್ದಳದಲ್ಲಿ ಮೇಜರ್ ಆಗಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಾಚೆಯ ಒಂದು ಪೇಟೆಯನ್ನು ಮನೆ ಮನೆ ನುಗ್ಗಿ ಶತ್ರುಗಳಿಂದ ಬಿಡಿಸಿದ್ದಕ್ಕೆ ಅವರಿಗೆ ಶೌರ್ಯ ಪದಕ ಬಂದಿತ್ತು. ಸುಮಾ ಅದಕ್ಕೆ ಗಾಜು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಳು. ಮಾವ ಮಾತ್ರ ಆ ಕಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಅವರ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮಾತೂ ನಿಂತಿತ್ತು.

ಕಳೆದ ಡಿಸೆಂಬರ್. ತಂಗಿಯ ಹೆರಿಗೆ ಎಂದು ಸುಮಾ ಕೆಂಗೇರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಮಾವ ಇಬ್ಬರೇ. ಪಕ್ಕದ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದ್ದರು. ಮಾವನ ಕೋಣೆಯ ಗೋಡೆಯಾಚೆ ಬರೀ ಗುಂಡಿ. ಅಲ್ಲಿ ನಿಲ್ಲಲು ನೆಲವೇ ಇರಲಿಲ್ಲ.

ಮಾತ್ರೆ ಕೊಟ್ಟು ಹೊದಿಕೆ ಎಳೆಯುತ್ತಿದ್ದೆ. ಕರೆಂಟ್ ಹೋಯಿತು.

ಮೊದಲು ಬಂದದ್ದು ವಾಸನೆ. ಪಟಾಕಿ ಮದ್ದಿನಂಥದು... ಅದರೊಳಗೆ ಸುಟ್ಟ ಹುಲ್ಲು, ಸೀದ ಅನ್ನ.

ಆಮೇಲೆ ಗೋಡೆಯಲ್ಲಿ ಸದ್ದು. ಧಬ್... ಧಬ್... ಹಾರೆಯ ಏಟು.

ಮೊಬೈಲ್ ಟಾರ್ಚ್ ಹಾಕಲು ಹೋದೆ. ಒಂದು ಕೈ ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿಯಿತು. ಮಾವನ ಬಲಗೈ.

"ಬೆಳಕು ಬೇಡ," ಎಂದರು. ಒಂದಕ್ಷರವೂ ತೊದಲಲಿಲ್ಲ.

"ಮಾವ... ಪಕ್ಕದ ಸೈಟಿನವ್ರು ಇರ್ಬೇಕು. ನೋಡ್ಕೊಂಡ್ ಬರ್ತೀನಿ."

"ಅಲ್ಲಾಡ್ಬೇಡ. ಬೀದಿಗೆ ಇಳಿದ್ರೆ ಗುಂಡು ಬೀಳುತ್ತೆ ಅಂತ ಗೋಡೆ ಒಡ್ಕೊಂಡ್ ಬರ್ತಿದಾರೆ. ಒಂದು ಮನೆಯಿಂದ ಇನ್ನೊಂದು ಮನೆಗೆ. ಮೊದಲು ಗ್ರೆನೇಡ್ ಎಸೀತಾರೆ. ಆಮೇಲೆ ನುಗ್ತಾರೆ. ಒಳಗೆ ಯಾರಿದಾರೆ ಅಂತ ನೋಡಲ್ಲ."

"ಯಾರು ಮಾವ? ಯಾರು ಬರ್ತಿರೋದು?"

"ನಾವು ಕಣೋ."

ಗಾರೆ ಉದುರುವುದು ಕೇಳಿಸಿತು. ಮಾವ ನನ್ನ ಕತ್ತು ಹಿಡಿದು ಮಂಚದ ಕೆಳಗೆ ತಳ್ಳಿದರು. ತಾವೂ ಉರುಳಿ ಬಂದು ನನ್ನ ಮೇಲೆ ಬೋರಲು ಬಿದ್ದರು. ಅವರ ಎದೆ ಹೊಡೆದುಕೊಳ್ಳುತ್ತಿದ್ದುದು ನನ್ನ ಬೆನ್ನಿಗೆ ತಾಕುತ್ತಿತ್ತು.

"ಆ ಕೊನೇ ಮನೇಲಿ..." ಎಂದು ಕಿವಿಯ ಹತ್ತಿರ ಪಿಸುಗುಟ್ಟಿದರು. "ಮಂಚದ ಕೆಳಗಿಂದ ಯಾರೋ ಏನೋ ಅಂದ್ರು. ಹೆಂಗಸಿನ ದನಿ. ಭಾಷೆ ಗೊತ್ತಾಗ್ಲಿಲ್ಲ. ಬಯೊನೆಟ್ಟಲ್ಲಿ ಚುಚ್ಚಿಬಿಟ್ಟೆ."

ಏನೋ ಟಣ್ ಎಂದು ನೆಲಕ್ಕೆ ಬಿದ್ದು ಉರುಳಿತು.

ಅದು ಸಿಡಿದದ್ದು ನನಗೆ ಶಬ್ದದಂತೆ ಕೇಳಿಸಲೇ ಇಲ್ಲ. ತಲೆಯೊಳಗೆ ಯಾರೋ ಬಂಡೆ ಎತ್ತಿಹಾಕಿದ ಹಾಗಾಯಿತು. ಬಾಯಿ ತುಂಬ ಸುಣ್ಣದ ಪುಡಿ, ರಕ್ತ. ಹೊಗೆಯಲ್ಲಿ ಬೂಟುಗಳು ದಡದಡನೆ ಒಳಗೆ ಬಂದವು. ಒಂದು ಜೊತೆ ಬೂಟು ನನ್ನ ಮುಖದ ಮುಂದೆಯೇ ನಿಂತಿತು. ಮಂಚ ಎಗರಿ ಆಚೆ ಬಿತ್ತು.

"ಕೌನ್ ಹೈ?"

ಕಿರುಚಿದವನ ದನಿ ನನಗೆ ಗೊತ್ತಿತ್ತು. ಮಾವನದೇ ದನಿ. ಇಪ್ಪತ್ತೈದರ ಪ್ರಾಯದ್ದು.

ಮಾವ ಉತ್ತರಿಸಿದರು. ಬಂಗಾಳಿಯ ಒಂದು ಪುಟ್ಟ ವಾಕ್ಯ. ಅಂದು ಆ ಹೆಂಗಸು ಅಂದದ್ದೇ ಇರಬೇಕು. ಹೇಳಿ ಮುಗಿಸುವ ಮೊದಲೇ ಅವರ ಮೈ ಒಮ್ಮೆ ಜೋರಾಗಿ ಅದುರಿತು. ಬಿಸಿಯಾದದ್ದು ನನ್ನ ಕುತ್ತಿಗೆಗೆ ಇಳಿಯಿತು. ಅವರು ಕದಲಲಿಲ್ಲ. ಮತ್ತೆ ಅದೇ ವಾಕ್ಯ... ಈ ಸಲ ಪೂರ್ತಿ.

ಮೇಲೆ ನಿಂತವನ ಏದುಸಿರು ಮಾತ್ರ ಕೇಳುತ್ತಿತ್ತು. ಇನ್ನೊಂದು ತಿವಿತಕ್ಕೆ ಕಣ್ಣು ಮುಚ್ಚಿ ಕಾದೆ.

ಬರಲಿಲ್ಲ.

ಕರೆಂಟ್ ಬಂತು. ಗೋಡೆಯಲ್ಲಿ ಒಂದು ಬಿರುಕೂ ಇಲ್ಲ! ಮಂಚ ಮಾತ್ರ ಮೂಲೆಯಲ್ಲಿ ಬೋರಲಾಗಿತ್ತು. ಮಾವನ ಬೆನ್ನಿನಿಂದ ರಕ್ತ ಸುರಿಯುತ್ತಿತ್ತು. ಬಲಗೈ ಮೊದಲಿನಂತೆ ಸತ್ತು ಜೋತಾಡುತ್ತಿತ್ತು. ಬಾಗಿಲ ಚಿಲಕ ತೆಗೆದು ಕೂಗಿದೆ. ಎದುರುಮನೆಯವರು ಓಡಿ ಬಂದು ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು.

ಡಾಕ್ಟರು ಗಾಯ ನೋಡಿ ನನ್ನತ್ತ ತಿರುಗಿದರು. "ಇದು ಬಿದ್ದು ಆಗಿರೋದಲ್ಲ. ಮನೇಲಿ ಇನ್ಯಾರಿದ್ರು?"

"ನಾನೊಬ್ನೇ ಸಾರ್..."

ಪೊಲೀಸರು ಮನೆಯೆಲ್ಲ ಜಾಲಾಡಿದರು. ಆಯುಧ ಸಿಗಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು ಎಂದು ನಾನೇ ಹೇಳಿದ್ದೆ. ಅನುಮಾನ ನನ್ನ ಮೇಲೆ ಇನ್ನಷ್ಟು ಗಟ್ಟಿಯಾಯಿತು. ಪ್ರಜ್ಞೆ ಬಂದ ಮೇಲೆ ಮಾವ ನನ್ನನ್ನು ನೋಡಿ, ಅಳುತ್ತಾ, ಇವನಲ್ಲ ಎಂಬಂತೆ ತಲೆಯಾಡಿಸಿದ್ದರಿಂದ ಬಚಾವಾದೆ.

ಸುಮಾಗೆ ಅದು ಸಾಲಲಿಲ್ಲ. "ರೀ, ನನ್ ಮುಖ ನೋಡ್ಕೊಂಡ್ ಹೇಳಿ. ಅಪ್ಪಂಗೆ ನೀವೇನೂ ಮಾಡಿಲ್ಲ ತಾನೆ?"

ನಡೆದದ್ದನ್ನೆಲ್ಲ ಹೇಳಿದೆ. ಅವಳು ಎದ್ದುಹೋದಳು. ಮಾವ ಮನೆಗೆ ಬಂದ ಮೇಲೆ ನನ್ನೊಬ್ಬನನ್ನೇ ಅವರ ಹತ್ತಿರ ಬಿಡುತ್ತಿರಲಿಲ್ಲ.

ಮೊನ್ನೆ ರಾತ್ರಿ ಅವಳೇ ಬಂದು ಎಬ್ಬಿಸಿದಳು.

"ಅಪ್ಪ ಮಾತಾಡ್ತಿದಾರೆ ರೀ..."

ಮಾವನ ಕೋಣೆಯ ಬಾಗಿಲ ಹೊರಗೆ ನಿಂತು ಕೇಳಿದೆವು. ಅದೇ ವಾಕ್ಯ. ಮಗು ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು. ನಡುವೆ ಎಲ್ಲೋ ತಪ್ಪಿದರು.

ಒಳಗಿನಿಂದ ಒಂದು ಹೆಂಗಸಿನ ದನಿ ಮೆಲ್ಲಗೆ ಆ ಪದವನ್ನು ತಿದ್ದಿತು.

ಮಾವ ಮತ್ತೆ ಮೊದಲಿನಿಂದ ಶುರುಮಾಡಿದರು... ನಾವಿಬ್ಬರೂ ಬಾಗಿಲು ತೆರೆಯಲಿಲ್ಲ.