ಸೂಜಿ ಗಂಟಕ್ಕನಿಗೆ, ಶೀಲ್ಡು ಮಷೀನಿಗೆ

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಗೆ ಅದು ಯಾವತ್ತೂ ಸರಿಯಾಗಿ ಇಳಿಯುವುದಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಒಂದೇ ಒಂದು ಅಡ್ಡ ಕಿಟಕಿ, ಅದರಾಚೆ ನಿಂತ ಗಾಡಿಗಳ ಚಕ್ರಗಳು. ಟ್ಯೂಬ್‌ಲೈಟಿನ ಕೆಳಗೆ, ತಗಡು ಹೊದಿಸಿದ ಉದ್ದನೆಯ ಮೇಜಿನ ಮುಂದೆ ಗಂಟಕ್ಕ ನಿಂತಿದ್ದಾರೆ. ರಾತ್ರಿ ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಚೀಲವೊಂದನ್ನು ಬಿಚ್ಚಿ, ಒಳಗಿನ ಹಾಸಿಗೆಬಟ್ಟೆಯನ್ನು ಎಳೆಯದೆ, ಕೊಡವದೆ, ಮೂಲೆಮೂಲೆಯಾಗಿ ಬಿಡಿಸುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಸಹಾಯ ಮಾಡೋಣವೆಂದು ಒಂದು ತುದಿ ಹಿಡಿಯಹೋದರೆ ಅವರ ಮೊಣಕೈ ಅಡ್ಡ ಬರುತ್ತದೆ.

"ಮುಟ್ಬೇಡಿ. ಒಳಗೆ ಏನಿಟ್ಕೊಂಡಿದೆ ಅಂತ ಮೊದ್ಲು ಕೇಳ್ಬೇಕು, ಆಮೇಲೆ ಮುಟ್ಬೇಕು."

ಕೇಳುವುದು ಎಂದರೆ ಕಿವಿಯಿಂದಲೇ ಕೇಳುವುದು. ಬಟ್ಟೆಯ ಅಂಚನ್ನು ತುಸು ಎತ್ತಿ ತಗಡಿನ ಮೇಲೆ ಬಿಡುತ್ತಾರೆ. ಸದ್ದಿಲ್ಲದೆ ಬಿದ್ದರೆ ಸರಿ. ಟಿಣ್ ಎಂದರೆ ಯಾವುದೋ ಅವಸರದಲ್ಲಿ ಬಟ್ಟೆಯೊಳಗೆ ಸೇರಿಹೋದ ಇಂಜೆಕ್ಷನ್ ಸೂಜಿ. ಇವತ್ತು ಎರಡನೆಯ ಚೀಲದಲ್ಲೇ ಟಿಣ್ ಎನ್ನುತ್ತದೆ. ಗಂಟಕ್ಕ ಸೂಜಿಯನ್ನು ಇಕ್ಕಳದಲ್ಲಿ ಎತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿ ಸಂಜೆ ಸುಡಲು ಹೋಗುತ್ತದೆ. ಅಲ್ಲಿಗೆ ಆ ಸೂಜಿಯ ಕಥೆಯೂ ಮುಗಿಯಿತು, ಅದನ್ನು ಹಿಡಿದವರು ಯಾರೆಂಬ ಗುರುತೂ ಅಳಿಯಿತು.

ಮೊದಲು ಇಲ್ಲಿ ಮೇಜೇ ಇರಲಿಲ್ಲ. ಚೀಲ ನೇರ ಒಗೆಯುವ ಮಷೀನಿನ ಬಾಯಿಗೆ ಹೋಗುತ್ತಿತ್ತು, ಅಲ್ಲಿಂದ ಇಸ್ತ್ರಿಗೆ, ಅಲ್ಲಿಂದ ಮಡಚುವವರ ಕೈಗೆ. ಆಗ ಗಂಟಕ್ಕನೂ ಮಡಚುತ್ತಿದ್ದರು. ಒಂದು ದಿನ ಹೆಬ್ಬೆರಳಿಗೆ ಚುಚ್ಚಿತು. ಯಾರ ರಕ್ತದ ಸೂಜಿಯೋ, ಯಾವ ಕಾಯಿಲೆಯೋ. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು. ಕೊನೆಗೆ ಏನೂ ಆಗಿಲ್ಲವೆಂದು ರಿಪೋರ್ಟ್ ಬಂತು.

"ಅದು ಬರೋವರೆಗೂ ಮಗಳಿಗೆ ಒಂದು ಮುತ್ತು ಕೊಟ್ಟಿಲ್ಲ. ಹಾಗೆಲ್ಲ ಅಂಟಲ್ಲ ಅಂತ ಡಾಕ್ಟ್ರು ಹೇಳಿದ್ರು. ಆದ್ರೂ ಕೊಡ್ಲಿಲ್ಲ. ಅಮ್ಮಂಗೆ ಯಾಕೆ ಕೋಪ ಅಂತ ಅವಳು ಅವರಪ್ಪನ್ನ ಕೇಳ್ತಿದ್ಲಂತೆ."

ಕೆಲಸಕ್ಕೆ ಮರಳಿದವರೇ ಕ್ಯಾಂಟೀನಿನವರು ಗುಜರಿಗೆ ಹಾಕಲಿದ್ದ ಈ ಮೇಜನ್ನು ಬೇಡಿ ತಂದರು. ಒಗೆಯುವ ಮಷೀನು ನಡೆಸುವ, ಎಲ್ಲರೂ ಮಾಮ ಎನ್ನುವ ಹಿರಿಯರು ಅದರ ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದರು. ಅಂದಿನಿಂದ ಮಡಚುವ ಕಡೆ ಯಾರಿಗೂ ಸೂಜಿ ಚುಚ್ಚಿಲ್ಲ. ಅಲ್ಲಿ ಈಗ ಮಡಚುವವರಲ್ಲಿ ಗಂಟಕ್ಕನ ನಾದಿನಿಯೂ ಒಬ್ಬರು.

ಇನ್ನು ಗಂಟಿನ ವಿಷಯ. ಬಟ್ಟೆಯಲ್ಲಿ ಸೂಜಿ ಸಿಕ್ಕರೆ ಯಾವ ವಾರ್ಡಿನದೆಂದು ಮೇಲಕ್ಕೆ ತಿಳಿಸಬೇಕು, ಆ ಪಾಳಿಯ ನರ್ಸಿಗೆ ಶಿಕ್ಷೆ ಆಗಬೇಕು. ಇದು ಇಲ್ಲಿನ ನಿಯಮ. ಗಂಟಕ್ಕ ಒಮ್ಮೆ ತಿಳಿಸಿದ್ದರು.

"ಇಡೀ ವಾರ್ಡನ್ನ ಒಬ್ಳೇ ನೋಡ್ಕೊಳ್ತಿದ್ದ ಹುಡುಗಿ ಅದು. ಎಲ್ಲರ ಮುಂದೆ ನಿಲ್ಲಿಸ್ಕೊಂಡು ಬೈದ್ರು. ಇಲ್ಲಿಗೆ ಬಂದು, ಆ ಚೀಲದ ರಾಶಿ ಮೇಲೆ ಕೂತು ಅತ್ಲು. ಅವತ್ತಿಂದ ನಾನು ಯಾರಿಗೂ ಹೇಳಲ್ಲ. ಗಂಟು ಹಾಕ್ತೀನಿ, ಅಷ್ಟೇ."

ಪ್ರತಿ ವಾರ್ಡಿಗೂ ಅದರದೇ ಚೀಲ. ಸೂಜಿ ಬಂದ ಚೀಲ ಖಾಲಿಯಾಗಿ ವಾಪಸ್ ಹೋಗುವಾಗ ಅದರ ಲಾಡಿಯಲ್ಲಿ ಒಂದು ಗಂಟು ಇರುತ್ತದೆ. ಗಂಟು ಬಂದ ದಿನ ವಾರ್ಡಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರ ಕೈಗೂ ತಾನೇ ಎಚ್ಚರ ಬರುತ್ತದೆ. ಬೈಗುಳದಿಂದ ಆಗದ್ದು ಗಂಟಿನಿಂದ ಆಗಿದೆ ಎಂದು ನರ್ಸುಗಳೇ ಹೇಳುತ್ತಾರೆ. ಗಂಟಕ್ಕ ಎಂಬ ಹೆಸರಿಟ್ಟವರೂ ಅವರೇ.

ಹೋದ ವರ್ಷ ಆಸ್ಪತ್ರೆಗೆ ಮೆಚ್ಚುಗೆಯ ಹುರುಪು ಬಂತು. ಯಾರೋ ತಜ್ಞರು ಬಂದು, ಹೊಗಳಿದರೆ ಜನ ಇನ್ನೂ ಚೆನ್ನಾಗಿ ದುಡಿಯುತ್ತಾರೆ ಎಂದು ಬೋಧಿಸಿ ಹೋದರು. 'ನಿಮ್ಮ ಜೊತೆಯವರನ್ನು ಮೆಚ್ಚಿ' ಎಂಬ ಬಣ್ಣದ ಪೋಸ್ಟರು ಲಿಫ್ಟಿನೊಳಗೂ ಬಂತು. ನೆಲಮಾಳಿಗೆಗೆ ಲಿಫ್ಟ್ ಇಲ್ಲ. ವರ್ಷದ ಸುರಕ್ಷತಾ ಬಹುಮಾನ ಯಾರಿಗೆ ಎಂದು ನೋಡಿದಾಗ, ಬಟ್ಟೆಯಿಂದ ಸೂಜಿ ಚುಚ್ಚಿದ ದೂರು ಇಡೀ ವರ್ಷ ಒಂದೂ ಇಲ್ಲವೆಂದು ಆಡಳಿತದವರಿಗೆ ಹೊಳೆಯಿತು. ಅದೇ ವರ್ಷ ಹೊಸ ಒಗೆಯುವ ಮಷೀನು ಬಂದಿತ್ತು. ಎರಡಕ್ಕೂ ತಾಳೆ ಹಾಕಿದರು. ಶೀಲ್ಡನ್ನು ಮಷೀನು ತರಿಸಿದ ಅಧಿಕಾರಿಗೆ ಕೊಟ್ಟು, ಮಷೀನಿನ ಫೋಟೋಗೆ ಚೌಕಟ್ಟು ಹಾಕಿ ಮುಂಬಾಗಿಲಲ್ಲಿ ತೂಗುಹಾಕಿದರು.

ನಾನು ಹೋಗಿ ಆ ಫೋಟೋ ನೋಡಿದೆ. ಕೆಳಗೆ 'ನಮ್ಮ ಹೆಮ್ಮೆ' ಎಂದಿದೆ. ಮೈ ಉರಿದುಹೋಯಿತು. ಕಬ್ಬಿಣದ ಡಬ್ಬದ ಬಗ್ಗೆ ಹೆಮ್ಮೆ ಪಡುವವರಿಗೆ ಅದರ ಪಕ್ಕದಲ್ಲೇ ನಿಂತ ಹೆಂಗಸು ಕಾಣುವುದಿಲ್ಲವೆಂದರೆ ಅದು ಎಂಥ ಕಣ್ಣು? ಕಾಣಲಿಲ್ಲ ಎಂದೂ ಹೇಳುವಂತಿಲ್ಲ. ಫೋಟೋ ತೆಗೆಯುವ ದಿನ ಮಷೀನನ್ನು ಒರೆಸಿ ಹೊಳಪು ತರಿಸಿದ್ದು ಗಂಟಕ್ಕನ ಕೈಯಲ್ಲೇ.

"ಒರೆಸಿ ಆದ್ಮೇಲೆ, ಅಕ್ಕ ಸ್ವಲ್ಪ ಪಕ್ಕಕ್ಕೆ ಹೋಗಿ, ನೆರಳು ಬೀಳ್ತಿದೆ ಅಂದ್ರು. ಹೋದೆ."

ಕೋಪ ಬರಲಿಲ್ಲವೇ ಎಂದು ಕೇಳುತ್ತೇನೆ.

"ಬರದೆ ಏನು? ಇಲ್ಲಿ ಕೋಪ ಮಾಡ್ಕೊಂಡ್ರೆ ಕೈ ನಡುಗುತ್ತೆ. ಅದಕ್ಕೇ ಮನೆಗೆ ತಗೊಂಡು ಹೋಗ್ತೀನಿ. ಅಲ್ಲಿ ನಮ್ಮ ಯಜಮಾನ್ರು ಇದ್ದಾರಲ್ಲ, ಅವರಿಗೆ ಅಭ್ಯಾಸ ಆಗಿದೆ."

ಶೀಲ್ಡಿನ ಮಾತು ಹಾಳಾಗಲಿ. ಈಗ ಬಂದಿರುವ ಹುಕುಮ್ಮು ಬೇರೆ. ಎಲ್ಲವನ್ನೂ ಮಷೀನೇ ನೋಡಿಕೊಳ್ಳುವಾಗ ಮೇಜು ಯಾಕೆ, ಜಾಗ ದಂಡ ಎಂದು, ಬರುವ ತಿಂಗಳು ಅದನ್ನು ತೆಗೆಸುತ್ತಾರಂತೆ. ಗಂಟಕ್ಕನನ್ನು ಮತ್ತೆ ಮಡಚುವ ಕಡೆಗೆ ಹಾಕುತ್ತಾರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೇಲೆ ಹೋಗಿ, ಬಹುಮಾನದಲ್ಲಿ ಗಂಟಕ್ಕನ ಹೆಸರು ಯಾಕಿಲ್ಲ ಎಂದು ಕೇಳಿದರೆ ಆಡಳಿತಾಧಿಕಾರಿ ತಾಳ್ಮೆಯಿಂದಲೇ ವಿವರಿಸುತ್ತಾರೆ. "ಮೆಚ್ಚುಗೆಗೆ ಒಂದು ಪದ್ಧತಿ ಇದೆ. ಜೊತೆಯವರು ಹೆಸರು ಸೂಚಿಸಬೇಕು. ಅವರ ಹೆಸರನ್ನ ಯಾರೂ ಸೂಚಿಸಿಲ್ಲವಲ್ಲ."

ಸೂಚಿಸುವುದು ಹೇಗೆ ಸ್ವಾಮಿ? ನಮ್ಮ ಸೂಜಿಗಳನ್ನು ಈಕೆ ಹಿಡಿಯುತ್ತಾರೆ ಎಂದು ಬರೆದ ನರ್ಸು ತನ್ನ ತಪ್ಪನ್ನು ತಾನೇ ಬರೆದುಕೊಟ್ಟಂತೆ. ಬಾಯಿ ಬಿಟ್ಟವರಿಗೆ ಶಿಕ್ಷೆ ಎಂದು ಮೊದಲೇ ಬಾಯಿಗೆ ಬೀಗ ಹಾಕಿ, ಆಮೇಲೆ ಯಾರೂ ಹೊಗಳಲಿಲ್ಲವಲ್ಲ ಎಂದು ಕೇಳುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

ನಾನು ಕೆಳಗೆ ಮರಳುವಾಗ ಮೇಜಿನ ಹತ್ತಿರ ಒಂದು ವಾರ್ಡಿನ ಹಿರಿಯ ಸಿಸ್ಟರ್ ನಿಂತಿದ್ದಾರೆ. ನಾನು ಪತ್ರಿಕೆಯವನೆಂದು ಗೊತ್ತಾಗಿಯೇ ಬಂದಿದ್ದಾರೆ.

"ನನ್ನ ವಾರ್ಡಿನ ಹೆಸರು ಹಾಕಿಯೇ ಬರೀರಿ," ಎನ್ನುತ್ತಾರೆ. "ಎಲ್ಲರಿಗಿಂತ ಹೆಚ್ಚು ಗಂಟು ಬಂದಿರೋದು ನಮಗೇ. ನಾವು ಒಪ್ಕೊಳ್ದೆ ಇದ್ರೆ ಈ ಮೇಜು ಉಳಿಯಲ್ಲ."

"ಸುಮ್ನಿರಿ ಸಿಸ್ಟರ್," ಎಂದು ಗಂಟಕ್ಕ ಅಲ್ಲೇ ತಡೆಯುತ್ತಾರೆ. "ನಿಮ್ಮನ್ನ ಕೆಲಸದಿಂದ ಕಳಿಸಿಬಿಟ್ರೆ, ಹೊಸದಾಗಿ ಬರೋ ಹುಡುಗಿಯರಿಗೆ ಗಂಟು ಅಂದ್ರೇನು ಅಂತ ಯಾರು ಹೇಳ್ಕೊಡ್ತಾರೆ?" ಆಮೇಲೆ ನನ್ನ ಕಡೆ ತಿರುಗುತ್ತಾರೆ. "ಗಂಟಿನ ವಿಷಯ ಬೇಕಾದ್ರೆ ಬರೀರಿ. ವಾರ್ಡು ಯಾವುದು ಅಂತ ಬೇಡ."

ಹಾಗೇ ಆಗಲಿ ಎಂದು ಮಾತು ಕೊಟ್ಟಿದ್ದೇನೆ. ನಿಮಗೆ ಏನು ಬೇಕು ಎಂದು ಕೇಳಿದಾಗ ಗಂಟಕ್ಕ ಮುಂದಿನ ಚೀಲದ ಲಾಡಿ ಬಿಚ್ಚುತ್ತಲೇ ಹೇಳುತ್ತಾರೆ.

"ಫೋಟೋ ಆ ಮಷೀನಿಂದೇ ಇರ್ಲಿ. ಮೇಜು ಒಂದನ್ನ ಬಿಟ್ರೆ ಸಾಕು. ಬಿಡಲ್ಲ ಅಂದ್ರೆ ಪಾಳಿಗೆ ಮುಂಚೆಯೇ ಬಂದು ನೆಲದ ಮೇಲೆ ಚೀಲ ಬಿಚ್ತೀನಿ. ಸಿಮೆಂಟು ಸದ್ದು ಮಾಡಲ್ಲ, ಕೈಯಲ್ಲೇ ತಡಕಿ ನೋಡ್ಬೇಕು. ಚುಚ್ಚಿದ್ರೆ ನನಗೊಬ್ಬಳಿಗೇ ಚುಚ್ಚುತ್ತೆ."