ನಾಗಿ ಹಾಕಿದ ಬಾಗಿಲು

ಎಕ್ಕಂಬಿಯ ನಾಗಿಗೆ ಕ್ಷಯ ತಾಗುವುದಿಲ್ಲ ಎಂದು ಊರು ನಂಬಿತ್ತು. ಗಂಡನಿಗೆ ಆ ರೋಗ ಬಂದಾಗ ಎರಡು ವರ್ಷ ಅವಳೊಬ್ಬಳೇ ಆರೈಕೆ ಮಾಡಿದ್ದಳು. ಅವನು ಹೋದ, ಇವಳು ಗಟ್ಟಿಯಾಗಿಯೇ ಉಳಿದಳು. ಆ ಸುದ್ದಿ ಕೇಳಿ ೧೯೩೪ರ ಚಳಿಗಾಲದಲ್ಲಿ ಯಲ್ಲಾಪುರದ ಮುಕ್ತಾರ್ ಸಾಹೇಬರು ಅವಳನ್ನು ಹುಡುಕಿಕೊಂಡು ಬಂದರು. ಅರಬೈಲ್ ಘಟ್ಟದಲ್ಲಿ ಬಾಡಿಗೆ ಮೋಟಾರು ಓಡಿಸುವವರು ಅವರು. ಹೆಂಡತಿ ಶಮ್ಸುನ್ನಿಸಾ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಮನೆಯವರು ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಸರಿದುಬಿಡುತ್ತಿದ್ದರು.

ನಾಗಿ ಹೊಸ್ತಿಲು ದಾಟಿದಳು. ಬೂದಿ ತುಂಬಿದ ಕುಡಿಕೆಯಲ್ಲಿ ಉಗುಳಿಸಿ, ಅದನ್ನು ದೂರ ಹೂತು ಬರುತ್ತಿದ್ದಳು. ಬಟ್ಟೆ ಕುದಿಸುತ್ತಿದ್ದಳು. ತನ್ನ ಗಂಜಿ ಮಾತ್ರ ಹಿತ್ತಿಲಲ್ಲಿ ಬೇರೆ ಬೇಯಿಸಿಕೊಳ್ಳುತ್ತಿದ್ದಳು.

“ನಾಗಕ್ಕ, ನನ್ನ ಮುಟ್ಟೂಕೆ ಹೆದರೂದಿಲ್ಲ, ನನ್ನ ಮನೆ ಒಲೆಗೆ ಹೆದರ್ತಿಯಲ್ಲೇ?” ಎಂದಳು ಒಂದು ದಿನ ಶಮ್ಸುನ್ನಿಸಾ.

ನಾಗಿಗೆ ನಗು ಬಂತು. ಊರಿಗೆ ತಿಳಿದರೆ ಜಾತಿ ಕೆಟ್ಟಿತೆನ್ನುತ್ತಾರೆ ಎಂದು ಗೊತ್ತಿದ್ದೂ ಮರುದಿನದಿಂದ ಅದೇ ಒಲೆಯ ಮೇಲೆ ಗಂಜಿಯಿಟ್ಟಳು.

ಶಮ್ಸುನ್ನಿಸಾಗೆ ನಾಲ್ಕು ವರ್ಷದ ಮಗಳು, ಖುರ್ಷಿದ್. ಅಜ್ಜಿ ಆ ಮಗುವನ್ನು ಕೋಣೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

“ಒಂದೇ ಸಲ ಕರಕೊಂಡು ಬಾ. ತೊಡೆ ಮೇಲೆ ಕೂರಿಸ್ಕಂಡು ಕೊಟ್ಬಿಡ್ತೆ.”

“ಅದೊಂದು ಕೇಳ್ಬೇಡಿ ಬೀಬಿ.”

ಶಮ್ಸುನ್ನಿಸಾ ದಿನವೂ ಕೇಳಿದಳು. ಕೊನೆಗೆ, “ನೀ ಹಡೆದಿದ್ರೆ ಗೊತ್ತಾಗ್ತಿತ್ತು,” ಎಂದುಬಿಟ್ಟಳು.

ನಾಗಿ ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಹಡೆದಿದ್ದೆ. ಹೊನ್ನ ಅಂತ ಹೆಸರು. ಅವನಪ್ಪ ಹೀಗೇ ಬೇಡಿಕಂಡ. ನಾನೇ ಎತ್ತಿ ತೊಡೆ ಮೇಲೆ ಕೂರಿಸ್ತಿದ್ದೆ, ದಿನಾ. ಅಪ್ಪ ಸತ್ತ ವರ್ಷಕ್ಕೆ ಅವನೂ ಹೋದ. ಊರವರು ಜ್ವರ ಅಂದ್ರು. ನಾನೂ ಜ್ವರ ಅಂದೆ.” ಕೈ ಒರೆಸಿಕೊಳ್ಳುತ್ತ ಹೇಳಿದಳು, “ಅವನ ಕೆಮ್ಮು ಈಗ್ಲೂ ಕೇಳ್ತದೆ, ಈ ಮನೇಲೂ. ನೀವಾ ಅಂತ ಎದ್ದು ನೋಡಿದ್ರೆ ನೀವು ನಿದ್ದೆ ಮಾಡ್ತಿರ್ತೀರಿ.”

ಶಮ್ಸುನ್ನಿಸಾ ನಾಗಿಯ ಕೈ ಹಿಡಿದು, “ಹಂಗಾದ್ರೆ ನಾನೇ ಕರೆದ್ರೂ ಅವಳ್ನ ಒಳಗೆ ಬಿಡ್ಬೇಡ,” ಎಂದಳು.

ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಶಮ್ಸುನ್ನಿಸಾ ರಕ್ತ ಕಾರಿಕೊಂಡಳು. ಜ್ವರದ ಮಂಪರಿನಲ್ಲಿ “ಖುರ್ಷಿದ್” ಎಂದು ಕೂಗಿದಳು. ಅಜ್ಜಿಯ ಕೈ ಕೊಸರಿಕೊಂಡು ಮಗು ಓಡಿಬಂತು. ನಾಗಿ ಬಾಗಿಲು ಹಾಕಿ ಅಗಳಿ ಜಡಿದಳು. ಹೊರಗೆ ಪುಟ್ಟ ಕೈಗಳು ಬಡಿಯುತ್ತಿದ್ದವು. ಒಳಗೆ ಶಮ್ಸುನ್ನಿಸಾ ಹಾಸಿಗೆಯಿಂದ ತೆವಳಿ ಬಂದು ನಾಗಿಯ ಸೀರೆ ಹಿಡಿದಳು.

“ನಾಗಕ್ಕ, ತೆಗಿ.”

ನಾಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಬಡಿತ ನಿಂತಿತು. ಸೀರೆ ಹಿಡಿದ ಕೈಯೂ ಸಡಿಲಾಯಿತು. ಸಂಜೆಯ ಬಾಂಗಿಗೆ ಮುಂಚೆ ಶಮ್ಸುನ್ನಿಸಾ ತೀರಿಕೊಂಡಳು. ತಾನು ಹೇಳಿದ್ದು ನೆನಪಾಗಿ ಸುಮ್ಮನಾದಳೋ, ಶಕ್ತಿ ತೀರಿ ಸುಮ್ಮನಾದಳೋ, ನಾಗಿಗೆ ಎಂದೂ ತಿಳಿಯಲಿಲ್ಲ.

ಮುಕ್ತಾರ್ ಸಾಹೇಬರು ಅವಳನ್ನು ಮನೆಗೆಲಸಕ್ಕೆ ಉಳಿಸಿಕೊಂಡರು. ಮಗು ಮಾತ್ರ ಅವಳನ್ನು ಕಂಡರೆ ಓಡಿಹೋಗುತ್ತಿತ್ತು. ಅದಕ್ಕೆ ನೆಗಡಿಯಾದರೂ ಸಾಕು, ನಾಗಿ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಕೆಮ್ಮು ಕೇಳಿದರೆ, ಅದು ಖುರ್ಷಿದ್‌ಳದೋ ಹೊನ್ನನದೋ ಗೊತ್ತಾಗುತ್ತಿರಲಿಲ್ಲ. ಮಗುವಿಗೆ ರೋಗವಂತೂ ಬರಲಿಲ್ಲ.

ಒಂಬತ್ತು ತುಂಬಿದ ಮೇಲೆ ಖುರ್ಷಿದ್ ತಾನಾಗಿ ಬಂದು ಎದುರು ನಿಂತಳು. “ಅವತ್ತು ಯಾಕೆ ತೆಗೀಲಿಲ್ಲ?”

“ಒಳಗೆ ಬಿಡ್ಬೇಡ ಅಂತ ನಿನ್ನಮ್ಮನೇ ಹೇಳಿದ್ರು,” ಎಂದಳು ನಾಗಿ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಾಗಲಿಲ್ಲ. “ಆಮೇಲೆ ತೆಗಿ ಅಂತಲೂ ಅಂದ್ರು.”

ಹುಡುಗಿ ನಾಗಿಯ ಪಕ್ಕ ಬಂದು ಕೂತಳು.

“ನಂಗೆ ಅಮ್ಮನ ಮುಖ ನೆನಪಿಲ್ಲ. ಹೆಂಗಿದ್ಲು ಹೇಳು.”

ನಾಗಿ ಹೇಳತೊಡಗಿದಳು.