ಸೊಪ್ಪಿನಕ್ಕನ ಗಂಟಲು

ಬೆಳಗ್ಗೆ ಬೆಳಗ್ಗೆ ಕೊರೊನಾ ವಾರ್ಡಿನೊಳಗೆ "ಸೊಪ್ಪೋ... ತಾಜಾ ಸೊಪ್ಪೂ..." ಎಂಬ ಕೂಗೆದ್ದಾಗ ಎಲ್ಲರೂ ಬೆಚ್ಚಿಬಿದ್ದರು. ಮೂಲೆಯ ಅಜ್ಜಿ ಅರೆನಿದ್ದೆಯಲ್ಲೇ "ಒಂದು ಕಟ್ಟು ಕೊಡಮ್ಮ" ಎಂದರು. ಸೊಪ್ಪು ಮಾರುವವಳು ಒಳಗೆ ಹೇಗೆ ನುಗ್ಗಿದಳೆಂದು ನರ್ಸು ಬಾಗಿಲಿಗೆ ಓಡಿದಳು. ಕೂಗು ಬರುತ್ತಿದ್ದುದು ಸೊಪ್ಪಿನಕ್ಕನ ದಿಂಬಿನಡಿಯಿಂದ. ಮಾತ್ರೆಯ ಹೊತ್ತು ತಪ್ಪದಿರಲೆಂದು ತನ್ನದೇ ಕೂಗನ್ನು ಫೋನಿನ ಅಲಾರಂ ಮಾಡಿಕೊಂಡಿದ್ದಳು. ತಡಕಾಡಿ, ಆಕ್ಸಿಜನ್ ಪೈಪಿಗೆ ಕೈ ಸಿಕ್ಕಿಸಿಕೊಂಡು, ಫೋನನ್ನು ನೆಲಕ್ಕೆ ಕೆಡವಿ, ಇನ್ನೆರಡು ಸಲ ಸೊಪ್ಪು ಮಾರಿಸಿದ ಮೇಲೇ ಅದು ಬಾಯಿ ಮುಚ್ಚಿತು.

ಕೂಗೇನೋ ನಿಂತಿತು, ಮಾತ್ರೆ ಎಲ್ಲಿ? ಅದನ್ನು ಹಿಡಿದುಕೊಂಡು ಅವಳ ತಮ್ಮ ಗೇಟಿನಲ್ಲೇ ನಿಂತಿದ್ದ. ಹೊರಗಿನ ಔಷಧಿ ಒಳಗೆ ಬಿಡೋದಿಲ್ಲ ಎಂದು ಕಾವಲಿನವನು ಹಟ ಹಿಡಿದಿದ್ದ.

ಅದು ಎಚ್‌ಐವಿ ಮಾತ್ರೆ. ಗಂಡ ಸಾಯುವಾಗ ಬಿಟ್ಟುಹೋದ ಏಕೈಕ ಆಸ್ತಿ ಆ ಕಾಯಿಲೆ. ಅದನ್ನವಳು ಮಾತ್ರೆಯಿಂದ ಕಟ್ಟಿಹಾಕಿ, ವರ್ಷಗಟ್ಟಲೆ ಬೀದಿ ಬೀದಿ ಸೊಪ್ಪು ಮಾರಿದ್ದಳು. ಒಂದು ದಿನವೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದು ಅವಳಿಗೆ ವೇದವಾಕ್ಯ. ಆದರೆ ಹಿಂದಿನ ರಾತ್ರಿ ಆಸ್ಪತ್ರೆಗೆ ಸೇರುವಾಗ "ಬೇರೆ ಕಾಯಿಲೆ ಇದೆಯಾ?" ಎಂದು ಕೇಳಿದರೆ "ಇಲ್ಲ" ಎಂದುಬಿಟ್ಟಿದ್ದಳು. ಪಕ್ಕದ ಸ್ಟ್ರೆಚರಿನಲ್ಲಿ ಮಲಗಿದ್ದವರು ಮಹಡಿಮನೆಯಮ್ಮ, ಅವಳ ಖಾಯಂ ಗಿರಾಕಿ. ಅವರ ಕಿವಿಗೆ ಬಿದ್ದರೆ ಇಡೀ ಬೀದಿಗೆ ಬಿದ್ದ ಹಾಗೆ. ಆಮೇಲೆ ಅವಳ ಸೊಪ್ಪು ಯಾರು ಮುಟ್ಟುತ್ತಾರೆ? ಈಗ ಅದೇ ಅಮ್ಮ ಪಕ್ಕದ ಮಂಚದಲ್ಲಿ.

ನರ್ಸನ್ನು ಕರೆದು ಪಿಸುಗುಟ್ಟಿದಳು. ನೆತ್ತಿಯಿಂದ ಪಾದದವರೆಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಪೊಟ್ಟಣದಂತಿದ್ದ ಆಕೆಗೆ ಏನು ಕೇಳಿಸೀತು?

"ಶಕ್ತಿ ಮಾತ್ರೇನಾ? ಇಲ್ಲೇ ಕೊಡ್ತೀವಿ ಬಿಡಿ."

"ಅದಲ್ಲ ಸಿಸ್ಟರ್, ಬೇರೆ."

"ಆಮೇಲೆ ನೋಡೋಣ."

ಪೊಟ್ಟಣ ಬೆನ್ನು ತಿರುಗಿಸಿತು. ಸೊಪ್ಪಿನಕ್ಕ ಪಕ್ಕದ ಮಂಚ ನೋಡಿದಳು, ಬಾಗಿಲು ನೋಡಿದಳು. ಬದುಕಿದರೆ ತಾನೇ ಬೀದಿ? ಮೂಗಿನ ಮೇಲಿನ ಮಾಸ್ಕ್ ಕಿತ್ತು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿದಳು.

"ನಂಗೆ ಎಚ್‌ಐವಿ ಇದೆ! ಅದರ ಮಾತ್ರೆ ಗೇಟಲ್ಲಿದೆ! ಈಗಲೇ ತರಿಸಿ!"

ಇಡೀ ವಾರ್ಡು ಅವಳತ್ತ ತಿರುಗಿತು. ಕೆಮ್ಮುವವರೂ ಕೆಮ್ಮು ನುಂಗಿಕೊಂಡರು.

"ಏನ್ ಹಾಗೆ ನೋಡ್ತೀರಿ?" ಏದುಸಿರಲ್ಲೇ ದಬಾಯಿಸಿದಳು. "ಸ್ಕೂಲಲ್ಲಿ ಒಂದರಲ್ಲೂ ಪಾಸಾಗ್ಲಿಲ್ಲ, ಇಲ್ಲಿ ಎರಡೆರಡರಲ್ಲಿ ಪಾಸಿಟಿವ್. ಅಸೂಯೇನಾ?"

ಮಹಡಿಮನೆಯಮ್ಮ ಚೀರಿದರು: "ಸಿಸ್ಟರ್, ನನ್ನ ಮಂಚ ಆ ಕಡೆ ಹಾಕ್ಸಿ!"

"ಎಲ್ಲಿಗೆ ಹೋಗ್ತೀರಮ್ಮ? ನಂದು ಗಾಳೀಲಿ ಹಾರಿ ಬರೋದಲ್ಲ. ಹಾರಿ ಬರೋದು ಆಗಲೇ ನಿಮಗೂ ಬಂದಾಯ್ತು."

ಅಜ್ಜಿ ಕಿಸಕ್ಕನೆ ನಕ್ಕರು. ಡಾಕ್ಟರು ಓಡಿಬಂದು, ಮೊದಲೇ ಯಾಕೆ ಹೇಳಲಿಲ್ಲ ಎಂದು ಇವಳನ್ನೂ, ಯಾಕೆ ತಡೆದಿರಿ ಎಂದು ಗೇಟಿನವರನ್ನೂ ಬೈದು, ಮಾತ್ರೆ ತರಿಸಿದರು. ಎಲ್ಲರೂ ನೋಡುತ್ತಿರುವಂತೆಯೇ ಸೊಪ್ಪಿನಕ್ಕ ಅದನ್ನು ನುಂಗಿ ನೀರು ಕುಡಿದಳು. ಮಂಚ ಮಾತ್ರ ಯಾವುದೂ ಅಲ್ಲಾಡಲಿಲ್ಲ. ಹಾಕಲು ಬೇರೆ ಜಾಗವೂ ಇರಲಿಲ್ಲ.

ಸಂಜೆಯವರೆಗೆ ಗೋಡೆ ನೋಡುತ್ತ ಮಲಗಿದ್ದ ಮಹಡಿಮನೆಯಮ್ಮ ಕೊನೆಗೆ ಇತ್ತ ಹೊರಳಿದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಅಲ್ವೇ, ದಿನಾ ನನ್ನ ಬಾಗಿಲಿಗೆ ಬರ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ನನ್ನ ಹತ್ರ ಹೇಳ್ಕೋಬೇಕು ಅನ್ನಿಸ್ಲಿಲ್ವಾ?"

"ನಿಮ್ಮ ಚೌಕಾಸಿ ಮುಗಿಯೋ ಹೊತ್ತಿಗೆ," ಎಂದಳು ಸೊಪ್ಪಿನಕ್ಕ, "ಸೊಪ್ಪೇ ಬಾಡಿಹೋಗ್ತಿತ್ತಲ್ಲಮ್ಮ."